ಒಡೆದ ಕೊಡಕ್ಕೆ ಯಾವ ಗೋಂದು?

ಚಿತ್ರದುರ್ಗ: ಬೇಸಿಗೆ ಬಂತೆಂದರೆ ನಮ್ಮ ಊರಿನ ಎಷ್ಟೋ ಬೀದಿಗಳಲ್ಲಿ ಬಂಗಾರದ ಸರಕ್ಕಿಂತ ಬಿಂದಿಗೆಗೆ ಬೆಲೆ ಜಾಸ್ತಿ. ನಲ್ಲಿಯಲ್ಲಿ ನೀರು ಬರುವುದು ಲೆಕ್ಕದ ಹೊತ್ತು. ಸಾಲಿನಲ್ಲಿ ಆರು ಕೊಡ ಇಟ್ಟವರು ಆ ಹೊತ್ತಿಗೆ ಆರೂ ತುಂಬಿಸಿಕೊಂಡು ಮನೆ ಸೇರಬೇಕು. ಅಂಥ ಹೊತ್ತಿನಲ್ಲಿ ಒಂದು ಕೊಡ ಕಲ್ಲಿಗೆ ತಾಗಿ 'ಟಪ್' ಅಂದರೆ?

ನಮ್ಮ ಬೀದಿಯ ತಾಯಿಯೊಬ್ಬರಿಗೆ ಹೀಗೇ ಆಯಿತು. ಕೊಡದ ತಳದ ಅಂಚಿನಲ್ಲಿ ಒಂದು ಗೇಣು ಸೀಳು. ಮಗನನ್ನು ಓಡಿಸಿ ಹತ್ತು ರೂಪಾಯಿಯ ಗೋಂದಿನ ಟ್ಯೂಬು ತರಿಸಿದರು. ಹಚ್ಚಿದರು, ಒತ್ತಿದರು. ಬೆರಳಿಗೆ ಬೆರಳು ಅಂಟಿತು, ಕೊಡ ಮಾತ್ರ ಅಂಟಲಿಲ್ಲ. ಮರುದಿನ ಮತ್ತೆ ಎರಡು ಟ್ಯೂಬು. ಅದೂ ಆಗದೆ ಕಲಸಿ ಮೆತ್ತುವ ಮುದ್ದೆ ತಂದು ದಪ್ಪಗೆ ಮೆತ್ತಿದರು. ರಾತ್ರಿ ಕಲ್ಲಿನ ಹಾಗೆ ಗಟ್ಟಿಯಾಯ್ತು. ಬೆಳಗ್ಗೆ ನೀರು ತುಂಬಿ ಸೊಂಟಕ್ಕಿಟ್ಟು ನಾಲ್ಕು ಹೆಜ್ಜೆ ಹಾಕಿದ್ದೇ ತಡ, ಮೆತ್ತಿದ್ದೆಲ್ಲ ಹೆಂಚಿನ ಮೇಲಿನ ರೊಟ್ಟಿ ಎದ್ದ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ನೀರೆಲ್ಲ ಸೀರೆಗೆ, ಸೀರೆಯಿಂದ ಮೆಟ್ಟಿಲಿಗೆ. ಮೆಟ್ಟಿಲಲ್ಲಿ ಕಾಲು ಜಾರಿ ಮೊಣಕೈ ಊದಿಕೊಂಡು ಎಂಟು ದಿನ ಬಟ್ಟೆ ಕಟ್ಟಿಕೊಂಡು ಓಡಾಡಿದರು.

ಅವರು ಕೇಳಿದ ಪ್ರಶ್ನೆ ನ್ಯಾಯವಾಗಿಯೇ ಇದೆ: "ಏನನ್ನ ಬೇಕಾದ್ರೂ ಅಂಟಿಸುತ್ತೆ ಅಂತಾರಲ್ಲ, ನನ್ನ ಕೊಡ ಏನು ಪಾಪ ಮಾಡಿತ್ತು?"

ಕೊಡ ಯಾವ ಪಾಪವನ್ನೂ ಮಾಡಿಲ್ಲ, ಸ್ವಾಮಿ. ಗೋಂದೂ ಮಾಡಿಲ್ಲ. ಇಬ್ಬರಿಗೂ ಜಾತಕ ಕೂಡಿ ಬಂದಿಲ್ಲ, ಅಷ್ಟೇ. ಜಾತಕ ನೋಡದೆ ಮದುವೆ ಮಾಡಿಸಿದ್ದು ಅಂಗಡಿ ಮತ್ತು ಗಿರಾಕಿ ಇಬ್ಬರ ತಪ್ಪು.

ಪ್ಲ್ಯಾಸ್ಟಿಕ್ ಒಂದಲ್ಲ, ಹಲವು

ಪ್ಲ್ಯಾಸ್ಟಿಕ್ ಅನ್ನುವುದು ಒಂದೇ ಪದಾರ್ಥದ ಹೆಸರಲ್ಲ. ಅದು ದೊಡ್ಡ ಮನೆತನದ ಹೆಸರು. ಒಳಗಿರುವ ಅಣ್ಣತಮ್ಮಂದಿರ ಗುಣ ಒಬ್ಬೊಬ್ಬರದು ಒಂದೊಂದು ತರಹ. ನಿಮ್ಮ ಸಾಮಾನನ್ನು ಬೋರಲು ಹಾಕಿ ತಳ ನೋಡಿ. ಬಹಳಷ್ಟು ಸಾಮಾನುಗಳಲ್ಲಿ ಮೂರು ಬಾಣಗಳ ತ್ರಿಕೋನ, ಅದರೊಳಗೆ ಒಂದು ಅಂಕಿ ಇರುತ್ತದೆ. ಅಮೆರಿಕದಲ್ಲಿ 1988ರಲ್ಲಿ ಶುರುವಾದ ಈ ಗುರುತು ಈಗ ನಮ್ಮ ಸಂತೇಪೇಟೆಯ ಬಕೀಟಿನ ತಳಕ್ಕೂ ಬಂದಿದೆ.

1 ಎಂದರೆ ಪೆಟ್, ನೀರಿನ ಬಾಟಲಿಯದು. 2 ಗಟ್ಟಿ ಪಾಲಿಥಿನ್, ಅಂದರೆ ಕ್ಯಾನು, ಡ್ರಮ್ಮು, ಕೊಡ. 3 ಪಿವಿಸಿ, ನೀರಿನ ಪೈಪು. 4 ಮೆದು ಪಾಲಿಥಿನ್, ಚೀಲ ಮತ್ತು ಹಾಳೆ. 5 ಪಾಲಿಪ್ರೊಪಿಲೀನ್, ಅಂದರೆ ಬಕೀಟು, ಮಗ್ಗು, ಡಬ್ಬಿ, ಕುರ್ಚಿ. 6 ಪಾಲಿಸ್ಟೈರೀನ್, ಬಿದ್ದರೆ ತಗಡಿನ ಹಾಗೆ ಟಣ್ ಅನ್ನುವ ಪಾರದರ್ಶಕ ಡಬ್ಬಿಗಳು. 7 ಎಂದರೆ ಉಳಿದವರೆಲ್ಲ. ಮಿಕ್ಸಿಯ ಮೈಯಲ್ಲಿ ಹೆಚ್ಚಾಗಿ ಕಾಣುವ ಎಬಿಎಸ್, ಅಕ್ರಿಲಿಕ್, ನೈಲಾನ್ ಎಲ್ಲ ಇದರಲ್ಲಿ ಸೇರಿದವು.

ಅಂಕಿ ಅಳಿಸಿ ಹೋಗಿದೆಯೇ? ಚಿಂತೆ ಬೇಡ. ಒಡೆದ ಜಾಗದಿಂದ ಉಗುರಿನಷ್ಟು ಚೂರು ಕತ್ತರಿಸಿ. ಒಂದು ಲೋಟ ನೀರಿಗೆ ಒಂದು ಹನಿ ಸೋಪಿನ ನೀರು ಬಿಟ್ಟು ಚೂರನ್ನು ಪೂರ್ತಿ ಮುಳುಗಿಸಿ ಕೈ ಬಿಡಿ. ತೇಲಿ ಬಂದರೆ ಅದು ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್, ಅಂದರೆ 2, 4, 5. ಅವು ನೀರಿಗಿಂತ ಹಗುರ. ಮುಳುಗಿದರೆ ಸಾಮಾನ್ಯವಾಗಿ ಉಳಿದವುಗಳಲ್ಲಿ ಒಂದು. ಸುಣ್ಣದ ಪುಡಿ ಬೆರೆಸಿದ ಅಗ್ಗದ ಮಾಲು ಕೆಲವೊಮ್ಮೆ ಮೋಸ ಮಾಡುತ್ತದೆ. ಆದರೂ ಹತ್ತರಲ್ಲಿ ಎಂಟು ಸಲ ಲೋಟದ ನೀರು ಸತ್ಯ ಹೇಳುತ್ತದೆ.

ತೇಲುವುದಕ್ಕೆ ಗೋಂದಿನ ಹಂಗಿಲ್ಲ

ಮುಖ್ಯ ವಿಷಯ ಇಲ್ಲಿದೆ. ತೇಲುವ ಜಾತಿಯ ಪ್ಲ್ಯಾಸ್ಟಿಕ್ಕಿಗೆ ಅಂಗಡಿಯ ಮಾಮೂಲಿ ಗೋಂದು ಯಾವುದೂ ನಿಲ್ಲುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರು ಹಾಕಿ ನೋಡಿ. ಹರಡುವುದಿಲ್ಲ, ಮುತ್ತಾಗಿ ಉರುಳುತ್ತದೆ. ಗೋಂದು ಅಂಟಬೇಕಾದರೆ ಮೊದಲು ಮೈಮೇಲೆ ಹರಡಬೇಕು, ಸಂದುಗೊಂದಿಗೆ ಇಳಿಯಬೇಕು. ಪಾಲಿಥಿನ್ನಿನ ಮೈ ಮೇಣದ ಹಾಗೆ. ಹರಡಲು ಬಿಡುವುದಿಲ್ಲ, ಹಿಡಿತವನ್ನೂ ಕೊಡುವುದಿಲ್ಲ. ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ಸಂಬಂಧವೇ ಬೆಳೆದಿರುವುದಿಲ್ಲ. ಆ ತಾಯಿಯ ಕೊಡದಿಂದ ಮುದ್ದೆ ರೊಟ್ಟಿಯಂತೆ ಎದ್ದದ್ದು ಇದಕ್ಕೇ. ಹಾಗೆ ನೋಡಿದರೆ ಗೋಂದಿನ ಟ್ಯೂಬು, ಸೀಸೆಗಳನ್ನೇ ಇದೇ ಜಾತಿಯ ಪ್ಲ್ಯಾಸ್ಟಿಕ್ಕಿನಲ್ಲಿ ಮಾಡುವುದುಂಟು. ತನ್ನ ಮನೆಗೇ ಅಂಟದ ಗೋಂದು ನಮ್ಮ ಕೊಡಕ್ಕೆ ಅಂಟೀತೇ?

ಈ ಜಾತಿಗೆಂದೇ ಬೇರೆ ಗೋಂದು ಇಲ್ಲವೇ ಎಂದರೆ, ಇದೆ. ಮೊದಲು ಒಂದು ದ್ರವ ಸವರಿ ಆಮೇಲೆ ಗೋಂದು ಹಾಕುವ ಜೋಡಿ ಬರುತ್ತದೆ. ಕಾರ್ಖಾನೆಗಳಲ್ಲಿ ಬಳಸುವ ವಿಶೇಷ ಗೋಂದೂ ಇದೆ. ಆದರೆ ಅದರ ದುಡ್ಡಿಗೆ ಹೊಸ ಕೊಡವೇ ಬಂದೀತು.

ಹಾಗಾದರೆ ದಾರಿ? ಬೆಸುಗೆ. ಸೈಕಲ್ಲಿನಲ್ಲಿ "ಬಕೀಟು ರಿಪೇರೀ, ಕೊಡಾ ರಿಪೇರೀ" ಎಂದು ಕೂಗಿಕೊಂಡು ಬರುವವರನ್ನು ನೋಡಿದ್ದೀರಲ್ಲ, ಅವರ ವಿದ್ಯೆ ಇದೇ. ಕಾದ ಕಬ್ಬಿಣದಿಂದ ಸೀಳಿನ ಎರಡೂ ಅಂಚು ಕರಗಿಸಿ, ಹಳೆ ಸಾಮಾನಿನ ಪಟ್ಟಿಯೊಂದನ್ನು ಅದಕ್ಕೆ ಕರಗಿಸಿ ಸೇರಿಸುತ್ತಾರೆ. ಆಗ ಅಂಟಿಸಿದ್ದಲ್ಲ, ಒಂದೇ ಮೈ ಆದ ಹಾಗೆ. ಗಟ್ಟಿ ಪಾಲಿಥಿನ್ ಸುಮಾರು 130 ಡಿಗ್ರಿಗೆ, ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುತ್ತದೆ. ಆದರೆ 2ಕ್ಕೆ 2ರ ಪಟ್ಟಿ, 5ಕ್ಕೆ 5ರ ಪಟ್ಟಿಯೇ ಆಗಬೇಕು. ಅಡ್ಡಜಾತಿ ಸೇರಿಸಿದರೆ ಒಟ್ಟಿಗೆ ಕರಗಿದಂತೆ ಕಂಡರೂ ಆರಿದ ಮೇಲೆ ಬಿಟ್ಟುಕೊಳ್ಳುತ್ತದೆ. ಬಣ್ಣ ಒಂದೇ ಎಂದು ಜಾತಿ ಒಂದೇ ಅಲ್ಲ.

ಸೀಳಿನ ಎರಡು ತುದಿಯಲ್ಲಿ ಮೊದಲು ಒಂದೊಂದು ಸಣ್ಣ ದುಂಡು ತೂತು ಮಾಡಿಸಿ. ಸೀಳು ಮುಂದಕ್ಕೆ ಓಡುವುದು ಅಲ್ಲಿಗೆ ನಿಲ್ಲುತ್ತದೆ. ಮನೆಯಲ್ಲೇ ಪ್ರಯೋಗ ಮಾಡುವ ಶೂರರಿದ್ದರೆ ಅಂಗಳದಲ್ಲಿ ಮಾಡಿ, ಹೊಗೆ ಕುಡಿಯಬೇಡಿ. ಪಿವಿಸಿಯನ್ನಂತೂ ಎಂದೂ ಕಾಯಿಸಬೇಡಿ. ಅದರಿಂದ ಬರುವ ಆಮ್ಲದ ಹೊಗೆ ಶ್ವಾಸಕ್ಕೆ ವಿಷ.

ಮುಳುಗುವುದಕ್ಕೆ ಏನು ಹಾಕಬೇಕು?

ಚಕ್ಕನೆ ಹಿಡಿಯುವ ಗೋಂದು: ಹತ್ತು ರೂಪಾಯಿ ಟ್ಯೂಬಿನದು. ಇದರ ಹೆಸರು ಸಯನೊಆಕ್ರಿಲೇಟ್. 1942ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲ್ಯಾಸ್ಟಿಕ್ ಹುಡುಕುವಾಗ ಇದು ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ, ಪೀಡೆ ಎಂದು ಬಿಸಾಕಿದರು. 1951ರಲ್ಲಿ ಅದೇ ಪೀಡೆಯ ಬೆಲೆ ತಿಳಿಯಿತು, 1958ರಲ್ಲಿ ಮಾರುಕಟ್ಟೆಗೆ ಬಂತು. ಇದು ಗಾಳಿಗೆ ಒಣಗುವುದಲ್ಲ. ಸಾಮಾನಿನ ಮೈಮೇಲಿನ ಕಣ್ಣಿಗೆ ಕಾಣದ ತೇವದಿಂದ ಗಟ್ಟಿಯಾಗುತ್ತದೆ. ನಮ್ಮ ಬೆರಳಲ್ಲಿ ತೇವ ಇರುವುದರಿಂದಲೇ ಬೆರಳಿಗೆ ಅಷ್ಟು ಪ್ರೀತಿ. ರಿಮೋಟಿನ ಮುಚ್ಚಳ, ಮಕ್ಕಳ ಆಟಿಕೆ, ಪೆನ್ನಿನ ಕ್ಲಿಪ್ಪು ಮುಂತಾದ ಗಟ್ಟಿ ಪ್ಲ್ಯಾಸ್ಟಿಕ್ಕಿನ ಸಣ್ಣ ತುಂಡುಗಳು ಸಂದಿಲ್ಲದೆ ಕೂಡುವಂತಿದ್ದರೆ ಇದೇ ಸರಿ. ಒಂದೇ ಹನಿ, ತೆಳ್ಳಗೆ. ಹೆಚ್ಚು ಸುರಿದರೆ ಹೆಚ್ಚು ಬಲ ಅನ್ನುವುದು ಸುಳ್ಳು. ದಪ್ಪಗಾದಷ್ಟೂ ನಿಧಾನ, ಬಲವೂ ಕಡಿಮೆ. ಬಗ್ಗುವ ಜಾಗಕ್ಕೆ, ಬಿಸಿ ತಾಗುವ ಜಾಗಕ್ಕೆ, ಸದಾ ನೀರಲ್ಲಿರುವ ಜಾಗಕ್ಕೆ ಇದು ಆಗದು.

ಎರಡು ಟ್ಯೂಬಿನ ಎಪಾಕ್ಸಿ: ಅರಾಲ್ಡೈಟ್ ಜಾತಿಯದು. ಚೂರು ಬಿದ್ದುಹೋಗಿ ಸಂದು ಉಳಿದಿದ್ದರೆ, ಭಾರ ತಾಳಬೇಕಾಗಿದ್ದರೆ ಇದು ವಾಸಿ. ಟ್ಯೂಬಿನ ಮೇಲೆ ಹೇಳಿದ ಪ್ರಮಾಣದಲ್ಲೇ ಬೆರೆಸಿ. ಬೇಗ ಆರಲಿ ಎಂದು ಗಟ್ಟಿಕಾರಕವನ್ನು ಜಾಸ್ತಿ ಹಾಕುವವರಿದ್ದಾರೆ. ಬೇಗ ಆರುವುದಿಲ್ಲ, ಕೊನೆಯವರೆಗೂ ರಬ್ಬರಿನ ಹಾಗೆ ಮೆತ್ತಗೇ ಉಳಿಯುತ್ತದೆ. ರಾತ್ರಿಯಿಡೀ ಅಲುಗಾಡಿಸದೆ ಬಿಡಬೇಕು. ಕಲಸಿ ಮೆತ್ತುವ ಎಂ-ಸೀಲ್ ತರಹದ ಮುದ್ದೆಯೂ ಇದೇ ವಂಶದ್ದು. ಎರಡು ಬಣ್ಣ ಒಂದೇ ಬಣ್ಣವಾಗುವವರೆಗೆ ನಾದಬೇಕು. ಸಿಮೆಂಟು, ಕಬ್ಬಿಣ, ಪಿವಿಸಿ ಪೈಪಿನ ಸೋರಿಕೆಗೆ ಸರಿ. ಪಾಲಿಥಿನ್ ಕೊಡಕ್ಕೆ ಅಲ್ಲ.

ಪಿವಿಸಿ ಸಾಲ್ವೆಂಟ್: ಪ್ಲಂಬರ್ ಕೈಯಲ್ಲಿರುವ ಡಬ್ಬಿ. ಇದು ನಿಜಕ್ಕೂ ಗೋಂದಲ್ಲ. ಎರಡೂ ಮೈಯನ್ನು ಒಂದಿಷ್ಟು ಕರಗಿಸಿ ಒಂದಾಗಿಸುತ್ತದೆ. ಪೈಪಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಕಾಯದೆ ನೀರು ಬಿಡಬಾರದು. ಹೊಲಕ್ಕೆ ಹಾಕುವ ಕಪ್ಪು ಪಾಲಿಥಿನ್ ಪೈಪಿಗೆ ಇದು ಸೊನ್ನೆ. ಬೆಂಕಿ ಬೇಗ ಹತ್ತುವ ವಸ್ತು, ಒಲೆಯ ಹತ್ತಿರ ತೆಗೆಯಬೇಡಿ.

ರಬ್ಬರ್ ಗೋಂದು: ಚಪ್ಪಲಿ, ರೆಕ್ಸಿನ್ ಚೀಲ ಮುಂತಾದ ಬಗ್ಗುವ ವಸ್ತುಗಳಿಗೆ. ನಮ್ಮ ಚಮ್ಮಾರರು ಮಾಡುವುದನ್ನು ಗಮನಿಸಿ. ಎರಡೂ ಕಡೆ ಹಚ್ಚಿ, ತಕ್ಷಣ ಅಂಟಿಸದೆ ಹತ್ತು ಹದಿನೈದು ನಿಮಿಷ ಗಾಳಿಗೆ ಬಿಟ್ಟು, ಆಮೇಲೆ ಒತ್ತಿ ಸುತ್ತಿಗೆಯಿಂದ ಬಡಿಯುತ್ತಾರೆ. ಆ ಹದಿನೈದು ನಿಮಿಷವೇ ಅರ್ಧ ವಿದ್ಯೆ.

ಬಡಗಿಯ ಬಿಳಿ ಗೋಂದು: ಮರದ ಕೆಲಸಕ್ಕೆ ರಾಜ. ಅದರಲ್ಲಿರುವ ನೀರನ್ನು ಮರ ಹೀರಿಕೊಂಡಾಗ ಅದು ಹಿಡಿಯುತ್ತದೆ. ಪ್ಲ್ಯಾಸ್ಟಿಕ್ ನೀರು ಹೀರುವುದಿಲ್ಲ, ಆದ್ದರಿಂದ ಇಲ್ಲಿ ಕೆಲಸವಿಲ್ಲ.

ಯಾವುದೇ ಆಗಲಿ, ಮೊದಲು ಸೋಪಿನಿಂದ ಜಿಡ್ಡು ತೊಳೆದು ಪೂರ್ತಿ ಒರೆಸಿ. ಎಪಾಕ್ಸಿ ಹಾಕುವುದಾದರೆ ಉಪ್ಪುಕಾಗದದಿಂದ ಉಜ್ಜಿ ಮೈ ಒರಟು ಮಾಡಿ. ಗೋಂದು ಹಚ್ಚುವ ಮುಂಚೆ ತುಂಡುಗಳನ್ನು ಒಣದಾಗಿಯೇ ಕೂಡಿಸಿ ನೋಡಿ. ನಮ್ಮ ಕೋಟೆಯಲ್ಲಿ ಗಾರೆಯಿಲ್ಲದೆ ಕೂರಿಸಿದ ಕಲ್ಲುಗಳನ್ನು ನಾವೆಲ್ಲ ಕಂಡಿದ್ದೇವೆ. ಸಂದು ಕೂಡಿದರೆ ಅರ್ಧ ಕೆಲಸ ಮುಗಿದಂತೆ.

ಇವಕ್ಕೆ ಕೈ ಹಾಕಬೇಡಿ

ದುಡ್ಡು ಉಳಿಸುವ ಆಸೆ ಎಲ್ಲರಿಗೂ ಉಂಟು. ಆದರೆ ಕೆಲವು ಸಾಮಾನನ್ನು ಅಂಟಿಸುವುದು ಉಳಿತಾಯವಲ್ಲ, ಅಪಾಯ. ಮಾಳಿಗೆಯ ಮೇಲೆ ವರ್ಷಗಟ್ಟಲೆ ಬಿಸಿಲು ಕುಡಿದ ಪ್ಲ್ಯಾಸ್ಟಿಕ್ ಕುರ್ಚಿಯ ಕಾಲು ಸೀಳಿದರೆ ಮುಗಿಯಿತು. ಬಿಸಿಲು ಇಡೀ ಕುರ್ಚಿಯನ್ನೇ ಹಪ್ಪಳ ಮಾಡಿರುತ್ತದೆ. ಒಂದು ಕಾಲು ಬೆಸೆದರೆ ಇನ್ನೊಂದು ಒಡೆಯುತ್ತದೆ. ಅದರ ಮೇಲೆ ಕೂರುವುದು ಮನೆಯ ಅಜ್ಜನೋ ಅಜ್ಜಿಯೋ. ಹೆಲ್ಮೆಟ್ಟು ಸೀಳಿದ್ದರೆ ಗೋಂದು ಹಾಕಬೇಡಿ, ತಲೆ ಒಂದೇ ಇರುವುದು. ಕುಕ್ಕರಿನ ಹಿಡಿ ಬೇಕಲೈಟಿನದು, ಅದು ಕರಗಿ ಬೆಸೆಯುವ ಜಾತಿಯೇ ಅಲ್ಲ. ಹೊಸ ಹಿಡಿ ರಿಪೇರಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ. ಒಡೆದ ಪ್ಲಗ್ಗು, ಸ್ವಿಚ್ಚು ಬದಲಾಯಿಸಿ. ಬಿಸಿ ಊಟ, ಕುಡಿಯುವ ನೀರು ತಾಗುವ ಜಾಗಕ್ಕೆ ಮಾಮೂಲಿ ಗೋಂದು ಬೇಡವೇ ಬೇಡ.

ಕಣ್ಣು, ಜೋಕೆ!

ಆ ಪುಟ್ಟ ಟ್ಯೂಬು ಕಣ್ಣಿನ ಔಷಧಿಯ ಸೀಸೆಯ ಹಾಗೇ ಕಾಣುತ್ತದೆ. ಔಷಧಿ ಎಂದು ಭ್ರಮಿಸಿ ಕಣ್ಣಿಗೆ ಬಿಟ್ಟುಕೊಂಡ ಪ್ರಕರಣಗಳು ಹಲವು ದೇಶಗಳ ವೈದ್ಯರ ದಾಖಲೆಯಲ್ಲಿವೆ. ಔಷಧಿ ಇಡುವ ಗೂಡಿನಲ್ಲಿ ಗೋಂದು ಇಡಲೇಬೇಡಿ. ಮಕ್ಕಳ ಕೈಗೂ ಸಿಗಬಾರದು. ಕಣ್ಣಿಗೆ ಬಿದ್ದರೆ ರೆಪ್ಪೆ ಎಳೆಯಬೇಡಿ. ಉಗುರುಬೆಚ್ಚಗಿನ ನೀರಿನಿಂದ ತೊಳೆಯುತ್ತ ಕೂಡಲೇ ಕಣ್ಣಿನ ವೈದ್ಯರ ಬಳಿ ಹೋಗಿ. ಬೆರಳು ಅಂಟಿದರೆ ಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ ನಿಧಾನ ಉರುಳಿಸಿ ಬಿಡಿಸಿ. ಹತ್ತಿಯಿಂದ ಒರೆಸಲು ಹೋಗಬೇಡಿ. ಹತ್ತಿಗೆ ಈ ಗೋಂದು ಸೋಕಿದರೆ ಸುಡುವಷ್ಟು ಬಿಸಿಯಾಗುತ್ತದೆ.

ಅಂಗಡಿಯವರಿಗೆ ಒಂದು ಮಾತು. ಗಿರಾಕಿ "ಗೋಂದು ಕೊಡಿ" ಅಂದರೆ "ಯಾವುದಕ್ಕೆ?" ಎಂದು ಒಂದೇ ಒಂದು ಪ್ರಶ್ನೆ ಕೇಳಿ. ಹತ್ತು ರೂಪಾಯಿ ವ್ಯಾಪಾರ ಹೋದೀತು, ಗಿರಾಕಿ ಉಳಿದಾರು. ಓದುಗರಿಗೂ ಒಂದು ಮಾತು. ಸೈಕಲ್ಲಿನ ರಿಪೇರಿಯವರು ಬಂದಾಗ ಎಂಟಾಣೆ ಚೌಕಾಸಿಯ ಹಳೆ ಚಾಳಿ ತೋರಿಸಬೇಡಿ. ಅವರು ಕೂಗುವುದು ನಿಂತ ದಿನ ಒಡೆದ ಕೊಡವೆಲ್ಲ ತಿಪ್ಪೆಗೇ.

ಆ ತಾಯಿಯ ಕೊಡದ ಕಥೆ ಏನಾಯಿತು ಎಂದಿರಾ? ಹೋದ ವಾರ ಕೂಗಿಕೊಂಡು ಬಂದವರು ಹಳೆ ಕೊಡದ ಪಟ್ಟಿ ಹಾಕಿ ಕಾಲು ಗಂಟೆಯಲ್ಲಿ ಬೆಸೆದು ಕೊಟ್ಟರು. ರಾತ್ರಿಯಿಡೀ ನೀರು ತುಂಬಿ ಅಂಗಳದಲ್ಲಿಟ್ಟು ನೋಡಿದರು. ಒಂದು ಹನಿ ಸೋರಲಿಲ್ಲ. ಕೊಡ ಈಗ ಮತ್ತೆ ನಲ್ಲಿಯ ಮುಂದೆ ಸಾಲಿನಲ್ಲಿ ಕೂತಿದೆ.

ಇನ್ನು ನಲ್ಲಿಯಲ್ಲಿ ನೀರು ಬರುವುದೊಂದೇ ಬಾಕಿ!