ಬೈಕ್ ವಾಲುತ್ತೆ, ಕಾರು ವಾಲಲ್ಲ

ಫಾರ್ಮುಲಾ ಸ್ಟೂಡೆಂಟ್ ಕಾರು ಅಂದ ಕೂಡಲೇ ನಾವೆಲ್ಲ ಮೊದಲು ಕೇಳೋದು 'ಯಾವ ಬೈಕಿನ ಇಂಜಿನ್?' ಅಂತ. ನಿಯಮದಲ್ಲಿ 710 ಸಿಸಿವರೆಗೆ ಅವಕಾಶ ಇದೆ; ನಮ್ಮಲ್ಲಿ ಹಲವು ತಂಡಗಳು ಕೈಗೆಟುಕುವ ಕೆಟಿಎಂ 390ರ 373 ಸಿಸಿ ಇಂಜಿನ್ ಹಾಕ್ತವೆ. ಹಗುರ, ಗೇರ್‌ಬಾಕ್ಸ್ ಜೊತೆಗೇ ಬರುತ್ತೆ, ಚೈನ್ ಹಾಕಿ ಡಿಫರೆನ್ಷಿಯಲ್ ತಿರುಗಿಸಿದರಾಯ್ತು. ರಿವರ್ಸ್ ಇಲ್ಲ, ಬೇಕಾಗೂ ಇಲ್ಲ. ಮೌಂಟ್ ವೆಲ್ಡ್ ಮಾಡೋದು, ಚೈನ್ ನೇರ ಕೂರಿಸೋದು ಕಣ್ಣಿಗೆ ಕಾಣೋ ಕೆಲಸ. ಕಾಣದೆ ಇಂಜಿನ್ ಕೊಲ್ಲೋದು ಸಂಪ್. ಮನೆ ಮುಂದಿನ ನೀರಿನ ಸಂಪ್ ತರಾನೇ, ಇಂಜಿನ್ ತಳದ ಆಯಿಲ್ ತೊಟ್ಟಿ.

ಶಿರಾಡಿ ಘಾಟಿಯನ್ನೇ ತಗೊಳ್ಳಿ. ಸಕಲೇಶಪುರ ದಾಟಿ ಹೆಗ್ಗದ್ದೆಯಿಂದ ಕೆಳಗಿಳಿಯುವಾಗ ತಿರುವಿನ ಮೇಲೆ ತಿರುವು. ಬಸ್ಸಲ್ಲಿ ಕೂತು ಅರ್ಧ ತುಂಬಿದ ನೀರಿನ ಬಾಟಲಿ ಹಿಡಿದು ನೋಡಿ, ಪ್ರತಿ ತಿರುವಲ್ಲೂ ನೀರು ಹೊರಮಗ್ಗುಲಿಗೆ ಏರುತ್ತೆ. ಅದೇ ಬಾಟಲಿಯನ್ನು ಬೈಕಿಗೆ ಕಟ್ಟಿದರೆ ನೀರು ಹೆಚ್ಚುಕಡಿಮೆ ತಳದಲ್ಲೇ ನಿಲ್ಲುತ್ತೆ. ಬೈಕ್ ವಾಲೋದರಿಂದ ಗುರುತ್ವವೂ ತಿರುವಿನ ಎಳೆತವೂ ಸೇರಿ ಅದರ ತಳದ ಕಡೆಗೇ ಎಳೆಯುತ್ತವೆ. ಬೈಕಿನ ಸಂಪ್ ರೂಪಿಸಿದವರು ಇದನ್ನು ನಂಬಿಯೇ ಆಯಿಲ್ ಹೀರುವ ಪಿಕಪ್ ಇಟ್ಟಿರ್ತಾರೆ.

ಕಾರು ವಾಲಲ್ಲ. ಸ್ಕಿಡ್‌ಪ್ಯಾಡ್ ಲೆಕ್ಕ ಹಾಕೋಣ. ಒಳವೃತ್ತದ ವ್ಯಾಸ 15.25 ಮೀಟರ್, ಕಾರು ಸುತ್ತೋದು ಸುಮಾರು 9 ಮೀಟರ್ ತ್ರಿಜ್ಯದಲ್ಲಿ. ಅಲ್ಲಿ 1 ಜಿ ಬರೋಕೆ ಗಂಟೆಗೆ ಬರೀ 34 ಕಿ.ಮೀ. ಸಾಕು. ಆಗ ಆಯಿಲ್‌ನ ಮೇಲ್ಮೈ 45 ಡಿಗ್ರಿ ಓರೆಯಾಗುತ್ತೆ. ಒಂದು ಸುತ್ತಿಗೆ ಆರು ಸೆಕೆಂಡ್, ಒಂದೇ ಕಡೆಗೆ ಎರಡು ಸುತ್ತು. ಪಿಕಪ್ ಬಾಯಿ ಆಯಿಲ್‌ನಿಂದ ಹೊರಬಂದರೆ ಪಂಪ್ ಗಾಳಿ ಕುಡಿಯುತ್ತೆ. 8,000 ಆರ್‌ಪಿಎಂನಲ್ಲಿ 12 ಸೆಕೆಂಡ್ ಅಂದ್ರೆ ಕ್ರ್ಯಾಂಕ್ 1,600 ಸಲ ತಿರುಗಿರುತ್ತೆ. ಲೋಹ-ಲೋಹ ತಾಗದಂತೆ ಕಾಯೋ ಆಯಿಲ್ ಪದರ ಅಷ್ಟು ಹೊತ್ತು ತಡೆಯಲ್ಲ.

'ಆಯಿಲ್ ಜಾಸ್ತಿ ಹಾಕಿಬಿಡೋಣ' ಅನ್ನೋರು ಎಲ್ಲಾ ತಂಡದಲ್ಲೂ ಒಬ್ಬರಿರ್ತಾರೆ. ಮಟ್ಟ ಅತಿಯಾದರೆ ಕ್ರ್ಯಾಂಕ್ ಅದನ್ನ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತೆ. ಪವರ್ ಹೋಗುತ್ತೆ, ಬ್ರೀದರ್‌ನಿಂದ ಆಯಿಲ್ ಉಕ್ಕುತ್ತೆ. ಡ್ರೈ ಸಂಪ್ ಚೆನ್ನಾಗಿದೆ: ಬೇರೆ ಪಂಪ್ ಆಯಿಲ್ ಎಳೆದು ಎತ್ತರದ ಸಣ್ಣ ಟ್ಯಾಂಕಿಗೆ ತುಂಬುತ್ತೆ, ಸಂಪ್ ತೆಳುವಾಗಿ ಇಂಜಿನ್ನೂ ಕೆಳಗೆ ಕೂರುತ್ತೆ. ಆದರೆ ದುಬಾರಿ, ಸೋರೋ ಜಾಗಗಳೂ ಹೆಚ್ಚು. ಮೊದಲ ಕಾರಿಗೆ ಪಿಕಪ್ ಸುತ್ತ ಬ್ಯಾಫಲ್ ಗೋಡೆಗಳು, ಅದರಲ್ಲಿ ಒಳಮುಖವಾಗಿ ಮಾತ್ರ ತೆರೆಯೋ ಪುಟ್ಟ ಬಾಗಿಲುಗಳು ಸಾಕು ಅಂತ ನಮ್ಮ ಅಭಿಪ್ರಾಯ.

ಜೊತೆಗೆ ಆಯಿಲ್ ಪ್ರೆಶರ್ ಸೆನ್ಸರ್ ಬೇಕೇ ಬೇಕು. ಡ್ಯಾಶ್‌ಬೋರ್ಡ್ ಲೈಟ್ ನಂಬಬೇಡಿ, ತಿರುವಲ್ಲಿ ಡ್ರೈವರ್ ಅದನ್ನ ನೋಡಲ್ಲ. ಪ್ರೆಶರ್ ಮತ್ತು ಅಡ್ಡ ಜಿ ಎರಡನ್ನೂ ಒಂದೇ ಗ್ರಾಫಲ್ಲಿ ಹಾಕಿ. ಎಡ ತಿರುವಲ್ಲಿ ಮಾತ್ರ ಪ್ರೆಶರ್ ಬಿದ್ದರೆ ಆಯಿಲ್ ಬಲಕ್ಕೆ ಓಡ್ತಿದೆ. ಗೋಡೆ ಪಿಕಪ್‌ನ ಬಲಮಗ್ಗುಲಿಗೆ ಬರಬೇಕು.