ಮೂಕಿ ಭಾರದ ಲೆಕ್ಕ

ಒಂದು ಕಣ್ಣೀರ ಹನಿಯನ್ನು ಮಗ್ಗುಲಿಗೆ ಮಲಗಿಸಿ, ಕೆಳಗೆ ಎರಡು ಚಕ್ರ ಕೂಡಿಸಿದರೆ ಹೇಗೆ ಕಾಣುತ್ತದೆಯೋ ಹಾಗಿದೆ ಅಮೆರಿಕದಲ್ಲಿರುವ ನನ್ನ ಮಗನ ಟ್ರೈಲರ್. ಅಲ್ಲಿ ಇದಕ್ಕೆ ಹೆಸರೇ ‘ಟಿಯರ್‌ಡ್ರಾಪ್’. ಮುಂದೆ ದುಂಡಗೆ, ಹಿಂದೆ ಇಳಿಜಾರು. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಅಷ್ಟೇ, ಎದ್ದು ನಿಲ್ಲುವಂತಿಲ್ಲ. ಹಿಂದಿನ ಮುಚ್ಚಳ ಎತ್ತಿದರೆ ಪುಟ್ಟ ಅಡುಗೆಮನೆ. ಇದನ್ನು ಕಾರಿನ ಹಿಂದೆ ಸಿಕ್ಕಿಸಿಕೊಂಡು ಹೋಗಿ ಕಾಡಿನಲ್ಲೋ ಕೆರೆಯ ದಂಡೆಯಲ್ಲೋ ಎರಡು ದಿನ ಬಿಡಾರ ಹೂಡುವುದೆಂದರೆ ಅಲ್ಲಿನವರಿಗೆ ಜಾತ್ರೆಯ ಸಂಭ್ರಮ.

1930ರ ದಶಕದಿಂದಲೂ ಅಲ್ಲಿನ ಜನ ಇಂಥ ಗಾಡಿಗಳನ್ನು ಮನೆಯ ಶೆಡ್ಡಿನಲ್ಲೇ ಕಟ್ಟಿಕೊಳ್ಳುತ್ತ ಬಂದಿದ್ದಾರೆ. ನಮಗೆ ಸ್ವಾತಂತ್ರ್ಯ ಬಂದ 1947ರಲ್ಲಿ ‘ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್’ ಎಂಬ ಅಲ್ಲಿನ ಮಾಸಪತ್ರಿಕೆ ಇದರ ನಕ್ಷೆಯನ್ನು ಅಚ್ಚು ಹಾಕಿತ್ತು. ಅಳತೆಯ ಗುಟ್ಟು ಸರಳ. ಪ್ಲೈವುಡ್ ಹಾಳೆ ಬರುವುದು 4 ಅಡಿ ಅಗಲ, 8 ಅಡಿ ಉದ್ದ. ಗಾಡಿಯ ಮೈಯೂ ಅಷ್ಟೇ. ಕತ್ತರಿಸಿ ದಂಡ ಮಾಡುವ ಪ್ರಮೇಯವೇ ಇಲ್ಲ.

ನನ್ನ ಮಗ ಇರುವುದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಏಳನೇ ತರಗತಿಯ ಮೊಮ್ಮಗಳನ್ನು ಸಹಾಯಕ್ಕಿಟ್ಟುಕೊಂಡು ಎರಡು ಚಳಿಗಾಲ ಕೂತು ಈ ಗಾಡಿ ಕಟ್ಟಿದ್ದಾನೆ. ನಾವು ಗಂಡ-ಹೆಂಡತಿ ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಗಾಡಿಗೆ ಗ್ರಹಚಾರ ಹಿಡಿದಿತ್ತು. ಹಿಂದಿನ ಪ್ರವಾಸದಲ್ಲಿ ಇಳಿಜಾರಿನಲ್ಲಿ ಅದು ನಾಯಿ ಬಾಲದ ಹಾಗೆ ಎಡಕ್ಕೂ ಬಲಕ್ಕೂ ಅಲ್ಲಾಡಿ, ಕಾರನ್ನೇ ಎಳೆದಾಡಿತ್ತಂತೆ. ಸಾಲದ್ದಕ್ಕೆ ನನ್ನಾಕೆಗೆ ಮಂಡಿನೋವು. “ಈ ವಯಸ್ಸಿನಲ್ಲಿ ಗೂಡಿನೊಳಗೆ ತೂರಬೇಕಾ?” ಎಂದು ಮೊದಲ ದಿನವೇ ಕೇಳಿದ್ದಳು. “ಅಪ್ಪಾ, ಇದನ್ನ ಮಾರಿಬಿಡ್ತೀನಿ” ಎಂದ ಮಗ. ಮೊಮ್ಮಗಳು ಊಟ ಬಿಟ್ಟು ಎದ್ದುಹೋದಳು.

ನನಗೆ ನೆನಪಾದದ್ದು ಎತ್ತಿನ ಗಾಡಿ. ಅರಸೀಕೆರೆ ಕಡೆ ಹುಟ್ಟಿದವನು ನಾನು. ರಾಗಿ ಮೂಟೆ, ತೆಂಗಿನಕಾಯಿ ಹೇರುವುದನ್ನು ನೋಡಿಯೇ ಬೆಳೆದವನು. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳನ್ನು ಹಿಡಿಯುತ್ತದೆ. ಮುಂಭಾರವಾದರೆ ಹೆಗಲು ನೋಯುತ್ತದೆ. ನಮ್ಮ ತಂದೆ ಮೂಕಿಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿ, “ಒಂದು ಮೂಟೆ ಮುಂದಕ್ಕೆ ತಳ್ಳಿ” ಎನ್ನುತ್ತಿದ್ದರು. ಟ್ರೈಲರಿಗೂ ಇದೇ ಧರ್ಮ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಮೂಕಿಯ ತುದಿಯಲ್ಲಿ, ಅಂದರೆ ಕಾರಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಬಾಲ ಅಲ್ಲಾಡುತ್ತದೆ. ವೇಗ ಹೆಚ್ಚಾದಷ್ಟೂ ಅದರ ಪುಂಡಾಟವೂ ಹೆಚ್ಚು.

ಸುತ್ತಿಗೆ, ಗರಗಸ ನನ್ನ ಕೈಗೆ ಒಗ್ಗುವಂಥವಲ್ಲ. ಲೆಕ್ಕ ಗೊತ್ತು, ಬಿ.ಕಾಂ. ಮುಗಿಸಿ ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಮೊಮ್ಮಗಳನ್ನು ಕರೆದು ಒಂದು ನೋಟ್‌ಬುಕ್ಕಿನ ನಡುವೆ ಗೆರೆ ಎಳೆಸಿದೆ. ಅಚ್ಚಿನಿಂದ ಮುಂದಿರುವುದೆಲ್ಲ ಜಮಾ, ಹಿಂದಿರುವುದೆಲ್ಲ ಖರ್ಚು. ಲಾರಿ ತೂಗುವ ಕಡೆ ಕೊಂಡೊಯ್ದು ಟ್ರೈಲರನ್ನು ತೂಗಿಸಿದೆವು: 1200 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 544 ಕಿಲೋ. ಮನೆಗೆ ಬಂದು ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಬಚ್ಚಲುಮನೆಯ ತಕ್ಕಡಿಯ ಮೇಲೆ ಮರದ ದಿಮ್ಮಿಯಿಟ್ಟು, ಅದರ ಮೇಲೆ ಮೂಕಿ ಇಳಿಸಿದೆವು. ಬಂದದ್ದು 85 ಪೌಂಡ್! ಇರಬೇಕಾದದ್ದು 120ರಿಂದ 180.

“ತಾತ, ಬ್ಯಾಟರಿ!” ಎಂದಳು ಹುಡುಗಿ. ದೀಪ, ಫ್ಯಾನುಗಳಿಗೆ ಕರೆಂಟು ಕೊಡುವ 60 ಪೌಂಡಿನ ಬ್ಯಾಟರಿ ಹಿಂದಿನ ಅಡುಗೆಮನೆಯಲ್ಲಿ, ಅಚ್ಚಿನಿಂದ 3 ಅಡಿ ಹಿಂದಕ್ಕೆ ಕೂತಿತ್ತು. ಅದನ್ನು ಮೂಕಿಯ ಮೇಲೊಂದು ಪೆಟ್ಟಿಗೆ ಮಾಡಿ, ಅಚ್ಚಿನಿಂದ 5 ಅಡಿ ಮುಂದೆ ಇಟ್ಟರೆ? ಒಟ್ಟು 8 ಅಡಿ ಜರುಗಿದಂತಾಯಿತು. ಅಚ್ಚಿನಿಂದ ಕೊಂಡಿಗೂ 8 ಅಡಿಯೇ. 60ನ್ನು 8ರಿಂದ ಗುಣಿಸಿ 8ರಿಂದ ಭಾಗಿಸಿದರೆ ಮತ್ತೆ 60. 85ಕ್ಕೆ 60 ಕೂಡಿಸಿದರೆ 145. ನೂರಕ್ಕೆ 12. ಬ್ಯಾಟರಿ ಸರಿಸಿ ತೂಗಿದಾಗ ತಕ್ಕಡಿಯೂ ಅದನ್ನೇ ಹೇಳಿತು. ಬ್ಯಾಂಕಿನಲ್ಲಿ ವರ್ಷಾಂತ್ಯದ ಲೆಕ್ಕ ತಾಳೆಯಾದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ಆಮೇಲೆ ಮನೆಯೆಲ್ಲ ಕೆಲಸಕ್ಕಿಳಿಯಿತು. ಬ್ಯಾಟರಿಯ ಹೊಸ ವೈರಿಂಗ್ ಸೊಸೆಯದು. ಫ್ಯೂಸ್ ಹಾಕದೆ ಒಂದು ತಂತಿಯನ್ನೂ ಬಿಡಲಿಲ್ಲ. ಮಗ ಚಕ್ರ ಕಳಚಿ ಬೇರಿಂಗ್‌ಗಳಿಗೆ ಗ್ರೀಸ್ ತುಂಬಿದ. ನಮ್ಮ ಕಾಲದ ಕೀಲೆಣ್ಣೆಗೆ ಇದು ಮೊಮ್ಮಗು! ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಂತೆ ಅಡ್ಡಡ್ಡ ಹಾಕಿದ. ಕೊಂಡಿ ಅಕಸ್ಮಾತ್ ಕಳಚಿದರೂ ಮೂಕಿ ನೆಲಕ್ಕೆ ಬೀಳದೆ ಸರಪಳಿಗಳ ಈ ತೊಟ್ಟಿಲಲ್ಲಿ ಕೂರುತ್ತದೆ. ಒಳಗೆ ವಿಷದ ಹೊಗೆ ಕಂಡರೆ ಕೂಗುವ ಅಲಾರಂ ಒಂದನ್ನು ಗೋಡೆಗೆ ತಗುಲಿಸಿದ್ದಾಯಿತು. ಒಲೆಯನ್ನಂತೂ ಯಾವತ್ತೂ ಒಳಗೆ ಹಚ್ಚುವಂತಿಲ್ಲ.

ಅಜ್ಜಿಗಾಗಿ ಮೊಮ್ಮಗಳು ಮರದ ಮೆಟ್ಟಿಲೊಂದನ್ನು ತಾನೇ ಅಳೆದು ಕೊಯ್ದಳು; ಬಾಗಿಲ ಪಕ್ಕ ಹಿಡಿದುಕೊಳ್ಳಲು ಒಂದು ಹಿಡಿಯನ್ನೂ ಕೂಡಿಸಿದಳು. ಮೂರು ಸಲ ಹತ್ತಿ ಇಳಿದು ನೋಡಿದ ನನ್ನಾಕೆ ಏನೂ ಹೇಳದೆ ಒಳಗೆ ಹೋಗಿ ಹಳೆಯದೊಂದು ಹತ್ತಿ ಸೀರೆ ತಂದು ಕಿಟಕಿಗೆ ಪರದೆ ಹೊಲಿಯಲು ಕೂತಳು. ಒಪ್ಪಿದ್ದಾಳೆಂದು ನಮಗೆ ತಿಳಿದದ್ದು ಹಾಗೆ.

ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಿದ ಮೇಲೆ ಹಾಕಿಂಗ್ ಹಿಲ್ಸ್ ಎಂಬ ಅರಣ್ಯಕ್ಕೆ ಹೊರಟೆವು. ಕಾರಿನಲ್ಲಿ ಐದು ಜನ. ಓಡುವ ಟ್ರೈಲರಿನಲ್ಲಿ ಯಾರೂ ಕೂರಬಾರದು. ಇಳಿಜಾರು ಬಂದಾಗ ಎಲ್ಲರೂ ಮಾತು ನಿಲ್ಲಿಸಿದೆವು. ಗಾಡಿ ಸಾಧುವಾಗಿ ಹಿಂದೆ ಬಂತು. ರಾತ್ರಿ ನಮಗಿಬ್ಬರಿಗೆ ಟ್ರೈಲರ್, ಉಳಿದವರಿಗೆ ಟೆಂಟು.

ಅಲ್ಲಿ ‘ಆಶ್ ಕೇವ್’ ಎಂಬ ಕಲ್ಲಿನ ಮಹಾಚಪ್ಪರವಿದೆ. ಈ ತುದಿಯಿಂದ ಆ ತುದಿಗೆ 700 ಅಡಿ. ಅದರಡಿಯಲ್ಲಿ ದೊಡ್ಡ ಬೂದಿ ರಾಶಿ ಇದ್ದದ್ದನ್ನು ಮೊದಲು ಬಂದ ಬಿಳಿಯರು ಕಂಡಿದ್ದರಿಂದ ಆ ಹೆಸರು. ಅಲ್ಲಿ ಬೀಡುಬಿಡುತ್ತಿದ್ದ ಮೂಲನಿವಾಸಿಗಳ ಒಲೆಯ ಬೂದಿ ಅದು ಎನ್ನುತ್ತಾರೆ. ಅಲ್ಲಿಗೆ ಗಾಲಿಕುರ್ಚಿಯೂ ಹೋಗುವಂಥ ಸಮತಟ್ಟಾದ ದಾರಿಯಿದೆ. ನನ್ನಾಕೆ ಯಾರ ಕೈಯನ್ನೂ ಹಿಡಿಯದೆ ನಡೆದಳು.

ಎರಡು ದಿನ ಹಿಂದಿನ ಅಡುಗೆಮನೆಯ ದೋಸೆಹಿಟ್ಟು, ಅಕ್ಕಿ, ಹಣ್ಣು, ಕುಡಿಯುವ ನೀರು ಎಲ್ಲ ಸೇರಿ 16 ಪೌಂಡ್ ಖಾಲಿ ಮಾಡಿದೆವು. ಹೊಸದಾಗಿ ಏನನ್ನೂ ಹೇರಲಿಲ್ಲ. ವಾಪಸು ಹೊರಡುವ ಮುಂಚೆ ಮೊಮ್ಮಗಳು ಮೂಕಿಯನ್ನು ಮತ್ತೆ ತೂಗಿದರೆ, 145 ಇದ್ದದ್ದು 151 ಆಗಿತ್ತು! ಸಾಮಾನು ಕಡಿಮೆಯಾದ ಮೇಲೆ ಮೂಕಿಯ ಭಾರ ಹೆಚ್ಚಿದ್ದು ಹೇಗೆ? ಅಡುಗೆಮನೆ ಅಚ್ಚಿನಿಂದ 3 ಅಡಿ ಹಿಂದಿದೆ, ಕೊಂಡಿ 8 ಅಡಿ ಮುಂದಿದೆ. ಅವಳು ಅರ್ಧ ನಿಮಿಷದಲ್ಲಿ ಹೇಳಿದಳು. ಮಕ್ಕಳೇ, ತಾತನ ಪಕ್ಕ ಕಾಗದ, ಪೆನ್ಸಿಲ್ ಹಿಡಿದು ಕೂತು ನೀವೂ ಹೇಳಿ ನೋಡೋಣ.