ನಲ್ಲಿಗೆ ಜೋಡಿಸುವ ನೀರಿನ ಫಿಲ್ಟರ್: ಲೀಟರಿನ ಲೆಕ್ಕದಲ್ಲಿ ಬೆಲೆ

ಕುಡಿಯುವ ನೀರಿನ ಶುದ್ಧೀಕರಣ ಸಾಧನವನ್ನು ಮನೆಗೆ ಕೊಳ್ಳುವಾಗ ಸಾಮಾನ್ಯವಾಗಿ ಮೊದಲು ವಿಚಾರಿಸಲಾಗುವುದು ಅದರ ಬೆಲೆಯನ್ನು. ಈ ದೃಷ್ಟಿಯಿಂದ ಅಡುಗೆಮನೆಯ ನಲ್ಲಿಯ ತುದಿಗೇ ಜೋಡಿಸಬಹುದಾದ ಚಿಕ್ಕ ಫಿಲ್ಟರ್ ಬಹಳ ಆಕರ್ಷಕವಾಗಿ ಕಾಣುತ್ತದೆ. ಇದಕ್ಕೆ ವಿದ್ಯುತ್ ಬೇಡ, ಗೋಡೆಗೆ ರಂಧ್ರ ಕೊರೆಯಬೇಕಾಗಿಲ್ಲ, ಆರ್‌ಓ ಯಂತ್ರದಂತೆ ನೀರಿನ ಒಂದು ಪಾಲನ್ನು ಚರಂಡಿಗೆ ಹರಿಸುವುದಿಲ್ಲ. ಬಾಡಿಗೆ ಮನೆ ಬಿಡುವಾಗ ಕಳಚಿಕೊಂಡು ಹೋಗಬಹುದು. ಆದರೆ ಕಾರ್ಖಾನೆಗೆ ಒಂದು ಯಂತ್ರ ಕೊಳ್ಳುವ ಮುನ್ನ ಅದರ ಸಾಮರ್ಥ್ಯ, ಬಿಡಿಭಾಗಗಳ ವೆಚ್ಚ, ಬಾಳಿಕೆ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸುವ ಉದ್ಯಮಿಯೇ ಈ ಸಾಧನವನ್ನು ಮಾತ್ರ ವಾಷರ್ ಕೊಂಡಷ್ಟು ಸಲೀಸಾಗಿ ಕೊಂಡುಬಿಡುತ್ತಾನೆ. ಇದರಿಂದಾಗುವ ನಷ್ಟ ಹಣದ್ದಷ್ಟೇ ಆಗಿದ್ದರೆ ಅಷ್ಟಾಗಿ ಚಿಂತಿಸಬೇಕಾಗಿರಲಿಲ್ಲ. ಫಿಲ್ಟರ್ ಇದೆಯೆಂಬ ಧೈರ್ಯದ ಮೇಲೆ ನೀರು ಕುದಿಸುವುದನ್ನು ನಿಲ್ಲಿಸಿದ ಮನೆಯಲ್ಲಿ, ಆ ಫಿಲ್ಟರ್ ರೋಗಾಣುಗಳನ್ನು ತಡೆಯುವಂಥದ್ದೇ ಅಲ್ಲವಾದರೆ, ಮೊದಲಿದ್ದ ರಕ್ಷಣೆಯೂ ಹೋದಂತಾಗುತ್ತದೆ.

ಸಾಧನದೊಳಗೆ ಇರುವುದೇನು?

ಮಾರುಕಟ್ಟೆಯಲ್ಲಿರುವ ಬಹುತೇಕ ನಲ್ಲಿ ಫಿಲ್ಟರುಗಳ ಹೃದಯಭಾಗ ಕ್ರಿಯಾಶೀಲ ಇಂಗಾಲ, ಅಂದರೆ ಆಕ್ಟಿವೇಟೆಡ್ ಕಾರ್ಬನ್. ತೆಂಗಿನ ಕರಟದ ಇದ್ದಿಲನ್ನು ಅತಿ ಹೆಚ್ಚಿನ ಉಷ್ಣತೆಯಲ್ಲಿ ಸಂಸ್ಕರಿಸಿ ಇದನ್ನು ತಯಾರಿಸುವುದುಂಟು. ಕೊಬ್ಬರಿ ವ್ಯಾಪಾರದಲ್ಲಿರುವವರಿಗೆ ಕರಟದ ಇದ್ದಿಲಿಗಿರುವ ಬೇಡಿಕೆ ಅಪರಿಚಿತವೇನಲ್ಲ. ಈ ಇಂಗಾಲವು ನೀರಿನಲ್ಲಿರುವ ಕ್ಲೋರಿನ್, ವಾಸನೆ, ಬಣ್ಣ ಹಾಗೂ ಕೆಲವು ಸಾವಯವ ರಾಸಾಯನಿಕಗಳನ್ನು ಹಿಡಿದುಕೊಳ್ಳುತ್ತದೆ. ಆದರೆ ಬಿಡಿ ಹರಳುಗಳ ರೂಪದ ಇಂಗಾಲವು ಬ್ಯಾಕ್ಟೀರಿಯಾವನ್ನು ತಡೆಯುತ್ತದೆಂದು ನಂಬಲಾಗದು.

ಇನ್ನೊಂದು ಬಗೆಯಲ್ಲಿ ಇಂಗಾಲದ ನಂತರ ಟೊಳ್ಳು ಎಳೆಗಳ ಪೊರೆಯನ್ನು ಅಳವಡಿಸಿರುತ್ತಾರೆ. ಜಪಾನಿನ ಮನೆಗಳಲ್ಲಿ ಈ ಬಗೆ ಬಹಳ ಬಳಕೆಯಲ್ಲಿದೆ. ಇಂತಹ ಪೊರೆಯ ರಂಧ್ರಗಳು ಸಾಮಾನ್ಯವಾಗಿ 0.1 ಮೈಕ್ರಾನ್ ಗಾತ್ರದವು. ಬ್ಯಾಕ್ಟೀರಿಯಾಗಳು ಸ್ಥೂಲವಾಗಿ 0.5ರಿಂದ 2 ಮೈಕ್ರಾನ್ ಇರುವುದರಿಂದ ಅವು ಇಲ್ಲಿ ತಡೆಯಲ್ಪಡುತ್ತವೆ. ವೈರಸ್‌ಗಳು ಇನ್ನೂ ಚಿಕ್ಕವಾದ್ದರಿಂದ ಅವುಗಳಲ್ಲಿ ಅನೇಕವು ಈ ಪೊರೆಯನ್ನು ದಾಟಬಲ್ಲವು.

ಇವೆರಡರಲ್ಲಿ ಯಾವುದೇ ಬಗೆಯಾದರೂ ನೀರಿನಲ್ಲಿ ಕರಗಿರುವ ಸಾಮಾನ್ಯ ಲವಣಗಳನ್ನು ತೆಗೆಯುವುದಿಲ್ಲ. ಗಡಸುತನ, ಫ್ಲೋರೈಡ್, ನೈಟ್ರೇಟ್ ಇವು ಬಂದಂತೆಯೇ ಹೊರಬರುತ್ತವೆ.

ನೀರಿನ ಮೂಲವೇ ಮೊದಲ ವಿಚಾರ

ಆದ್ದರಿಂದ ಸಾಧನದ ಆಯ್ಕೆಗಿಂತ ಮೊದಲು ನೀರಿನ ಮೂಲವನ್ನು ಖಚಿತಪಡಿಸಿಕೊಳ್ಳಬೇಕು. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಬರುವ ಕಾವೇರಿ ನೀರು ಸಂಸ್ಕರಿಸಿ ಕ್ಲೋರಿನ್ ಬೆರೆಸಿದ ನದಿ ನೀರು. ಇಂತಹ ನೀರಿನ ಕ್ಲೋರಿನ್ ವಾಸನೆ ಹಾಗೂ ಕೊಳವೆಯಲ್ಲಿ ಸೇರಿದ ಮಣ್ಣು ತುಕ್ಕುಗಳನ್ನು ನಿವಾರಿಸಲು ನಲ್ಲಿ ಫಿಲ್ಟರ್ ತಕ್ಕ ಸಾಧನ. ಆದರೆ ಅದೇ ಮನೆಯ ಸಂಪಿನಲ್ಲಿ ವಾರಕ್ಕೊಮ್ಮೆ ಟ್ಯಾಂಕರಿನ ಕೊಳವೆಬಾವಿ ನೀರೂ ಬೆರೆಯುತ್ತಿದ್ದರೆ ಲೆಕ್ಕ ಬದಲಾಗುತ್ತದೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿರುವ ಐಎಸ್ 10500:2012 ಮಾನಕದ ಪ್ರಕಾರ ಒಟ್ಟು ಕರಗಿದ ಘನಾಂಶ, ಅಂದರೆ ಟಿಡಿಎಸ್, ಲೀಟರಿಗೆ 500 ಮಿ.ಗ್ರಾಂ. ಒಳಗೆ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 2,000ದವರೆಗೆ ಅನುಮತಿಯಿದೆ. ಗಡಸುತನಕ್ಕೆ ಈ ಮಿತಿಗಳು ಕ್ರಮವಾಗಿ 200 ಮತ್ತು 600, ಫ್ಲೋರೈಡ್‌ಗೆ 1.0 ಮತ್ತು 1.5 ಮಿ.ಗ್ರಾಂ. ನೈಟ್ರೇಟ್‌ಗೆ 45 ಮಿ.ಗ್ರಾಂ. ಮಿತಿಯಿದ್ದು ಇದರಲ್ಲಿ ಯಾವ ವಿನಾಯಿತಿಯೂ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ ಮುಂತಾದ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ತಿಳಿದ ಸಂಗತಿ. ಅಲ್ಲಿ ನಲ್ಲಿ ಫಿಲ್ಟರಿಗೆ ವ್ಯಯಿಸಿದ ಹಣ, ಉದ್ದೇಶದ ಮಟ್ಟಿಗೆ, ವ್ಯರ್ಥ. ಕುದಿಸುವುದರಿಂದಲೂ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಪ್ರಯೋಗಾಲಯದ ಪರೀಕ್ಷಾ ಶುಲ್ಕವನ್ನು ಉಳಿಸಲು ಹೋಗಿ ಸಾಧನದ ಪೂರ್ಣ ಬೆಲೆಯನ್ನೇ ಕಳೆದುಕೊಳ್ಳುವುದು ಯಾವ ವರ್ತಕನಿಗೂ ಹಿತವಲ್ಲ.

ಒತ್ತಡದ ಪ್ರಶ್ನೆ

ಈ ಅಂಶವನ್ನು ಮಾರಾಟಗಾರರು ಹೇಳುವುದು ಅಪರೂಪ, ಕೊಳ್ಳುವವರು ಕೇಳುವುದು ಇನ್ನೂ ಅಪರೂಪ. ಅಮೆರಿಕದ ಮಾದರಿಯ ಅನೇಕ ನಲ್ಲಿ ಫಿಲ್ಟರುಗಳು ಕನಿಷ್ಠ 20 ಪಿಎಸ್‌ಐ ಒತ್ತಡವನ್ನು ಅಪೇಕ್ಷಿಸುತ್ತವೆ. ಇದು ಸುಮಾರು 14 ಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ. ಆ ದೇಶದ ಮನೆಗಳಿಗೆ ಸರಬರಾಜು ಕೊಳವೆಯಿಂದ ಸದಾ ಒತ್ತಡದ ನೀರು ಬರುತ್ತದೆ. ನಮ್ಮ ಊರುಗಳಲ್ಲಿ ನೀರು ಮೊದಲು ಸಂಪಿಗೆ ಬಂದು, ಪಂಪಿನಿಂದ ತಾರಸಿಯ ಟ್ಯಾಂಕಿಗೇರಿ, ಅಲ್ಲಿಂದ ನಲ್ಲಿಗೆ ಇಳಿಯುವುದೇ ವಾಡಿಕೆ. ಒಂದಂತಸ್ತಿನ ಮನೆಯಲ್ಲಿ ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ 3-4 ಮೀಟರ್ ಮೇಲಿದ್ದರೆ ದೊರೆಯುವ ಒತ್ತಡ 4ರಿಂದ 6 ಪಿಎಸ್‌ಐ ಮಾತ್ರ. ಇಂತಲ್ಲಿ ಗಟ್ಟಿ ಇಂಗಾಲದ ಕಾರ್ಟ್ರಿಜ್ ಜೋಡಿಸಿದರೆ ನೀರು ಎಳೆಯಂತೆ ತೊಟ್ಟಿಕ್ಕುತ್ತದೆ. ಮನೆಯವರು ಬೇಸತ್ತು ಅದರ ತಿರುಗುಗುಂಡಿಯನ್ನು ಬೈಪಾಸ್ ಕಡೆಗೆ ತಿರುಗಿಸಿಡುತ್ತಾರೆ. ಅಲ್ಲಿಗೆ ಫಿಲ್ಟರ್ ಅಲಂಕಾರಕ್ಕೆ ಉಳಿಯುತ್ತದೆ. ನಾಲ್ಕಂತಸ್ತಿನ ಕಟ್ಟಡದಲ್ಲಿ ನೆಲಮಹಡಿಯವರಿಗೆ ಚೆನ್ನಾಗಿ ಕೆಲಸ ಮಾಡುವ ಫಿಲ್ಟರೇ ಮೇಲಿನ ಮಹಡಿಯವರಿಗೆ ಕೆಲಸಕ್ಕೆ ಬಾರದಿರುವುದು ಈ ಕಾರಣದಿಂದ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಲಯಗಳಲ್ಲಿ 2008ರ ಸುಮಾರಿಗೆ ಆರಂಭವಾದ ನಿರಂತರ ನೀರು ಸರಬರಾಜಿನಂತಹ ವ್ಯವಸ್ಥೆಯಿದ್ದು, ಕೊಳವೆಯ ನೀರು ನೇರವಾಗಿ ಅಡುಗೆಮನೆಗೆ ಬರುವಂತಿದ್ದರೆ ಈ ತೊಡಕು ಕಡಿಮೆ.

ಕೊಳ್ಳುವ ಮುನ್ನ ನಲ್ಲಿಯ ತುದಿಯನ್ನೂ ಗಮನಿಸಬೇಕು. ತುದಿಯ ಜಾಲರಿಯನ್ನು ಬಿಚ್ಚಿದಾಗ ಮರೆ, ಅಂದರೆ ಥ್ರೆಡ್, ಇದ್ದರೆ ಅಡಾಪ್ಟರ್ ಕೂರುತ್ತದೆ. ಸಾದಾ ಹಿತ್ತಾಳೆ ನಲ್ಲಿಗೆ ಕ್ಲಿಪ್ ಬಗೆಯದ್ದೇ ಬೇಕಾಗುತ್ತದೆ. ಅದು ಸೋರುವ ಸಂಭವ ಹೆಚ್ಚು.

ಲೀಟರಿನ ಲೆಕ್ಕ

ಯಂತ್ರಗಳ ಸವಕಳಿಯನ್ನು ಉತ್ಪಾದನೆಯ ಪ್ರಮಾಣಕ್ಕೆ ಅನುಗುಣವಾಗಿ ಲೆಕ್ಕ ಹಾಕುವ ಪದ್ಧತಿ ಉದ್ಯಮಿಗಳಿಗೆ ತಿಳಿದದ್ದೇ. ಫಿಲ್ಟರಿಗೂ ಅದೇ ಪದ್ಧತಿ ಸಲ್ಲುತ್ತದೆ. ಕುಡಿಯಲು ಹಾಗೂ ಅಡುಗೆಗೆ ದಿನಕ್ಕೆ 10 ಲೀಟರ್ ಬಳಸುವ ಕುಟುಂಬದ ವಾರ್ಷಿಕ ಬಳಕೆ 3,650 ಲೀಟರ್. ಉದಾಹರಣೆಗಾಗಿ ಎರಡು ಸಾಧನಗಳನ್ನು ಊಹಿಸಿಕೊಳ್ಳಬಹುದು.

ಮೊದಲನೆಯದರ ಬೆಲೆ, ಒಂದು ಕಾರ್ಟ್ರಿಜ್ ಸೇರಿ, ರೂ. 2,400. ಬದಲಿ ಕಾರ್ಟ್ರಿಜ್‌ನ ಬೆಲೆ ರೂ. 900, ಸಾಮರ್ಥ್ಯ 900 ಲೀಟರ್. ಕಾರ್ಟ್ರಿಜ್ ಬೆಲೆ ಕಳೆದು ಉಳಿಯುವ ರೂ. 1,500ನ್ನು ಐದು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ರೂ. 300. ಇದಕ್ಕೆ ಕಾರ್ಟ್ರಿಜ್ ವೆಚ್ಚ ರೂ. 3,650 ಕೂಡಿಸಿದರೆ ಒಟ್ಟು ರೂ. 3,950, ಲೀಟರಿಗೆ ರೂ. 1.08.

ಎರಡನೆಯದರ ಬೆಲೆ ರೂ. 600 ಮಾತ್ರ, ಬದಲಿ ಕಾರ್ಟ್ರಿಜ್ ರೂ. 250. ಡಬ್ಬಿಯ ಮೇಲೆ 'ಆರು ತಿಂಗಳು' ಎಂದಷ್ಟೇ ಇದೆ, ಎಷ್ಟು ಲೀಟರ್ ಎಂಬುದಿಲ್ಲ. ಬಳಕೆಯಲ್ಲಿ 200 ಲೀಟರಿಗೇ ಕಟ್ಟಿಕೊಂಡಿತೆಂದು ಭಾವಿಸಿದರೆ ಕಾರ್ಟ್ರಿಜ್ ವೆಚ್ಚವೇ ವರ್ಷಕ್ಕೆ ರೂ. 4,562.50. ಉಳಿದ ರೂ. 350ನ್ನು ಎರಡು ವರ್ಷಗಳಿಗೆ ಹಂಚಿ ರೂ. 175 ಕೂಡಿಸಿದರೆ ಲೀಟರಿಗೆ ಸುಮಾರು ರೂ. 1.30. ನಾಲ್ಕನೇ ಒಂದು ಬೆಲೆಗೆ ಕೊಂಡ ಸಾಧನವೇ ದುಬಾರಿಯಾಯಿತು.

ಇನ್ನೊಂದು ಸೂಕ್ಷ್ಮವಿದೆ. ತಯಾರಕರು ಸಾಮಾನ್ಯವಾಗಿ ಲೀಟರ್ ಮತ್ತು ತಿಂಗಳು ಎರಡನ್ನೂ ನಮೂದಿಸಿ, ಯಾವುದು ಮೊದಲೋ ಆಗ ಬದಲಿಸಬೇಕೆನ್ನುತ್ತಾರೆ. ದಿನಕ್ಕೆ 3 ಲೀಟರ್ ಮಾತ್ರ ಬಳಸುವ ಅಂಗಡಿಯಲ್ಲಿ ಮೂರು ತಿಂಗಳ ಅವಧಿಯ 900 ಲೀಟರ್ ಕಾರ್ಟ್ರಿಜ್ ಹಾಕಿದರೆ ಅವಧಿ ಮುಗಿಯುವಾಗ ಹರಿದಿರುವುದು 270 ಲೀಟರ್. ಆಗ ಕಾರ್ಟ್ರಿಜ್ ವೆಚ್ಚವೇ ಲೀಟರಿಗೆ ರೂ. 3.33. ಬಳಕೆಯಾಗದ ಸಾಮರ್ಥ್ಯದ ಹೊರೆ ಕಾರ್ಖಾನೆಯಲ್ಲಿರುವಂತೆ ಇಲ್ಲಿಯೂ ಉಂಟು. ಇದಕ್ಕೆ ವಿರುದ್ಧವಾಗಿ 40 ಕಾರ್ಮಿಕರಿಗೆ ತಲಾ 4 ಲೀಟರಿನಂತೆ ದಿನಕ್ಕೆ 160 ಲೀಟರ್ ಬೇಕಾದಲ್ಲಿ ಅದೇ ಕಾರ್ಟ್ರಿಜ್ ಆರು ದಿನವೂ ಬಾರದು. ಕಾರ್ಮಿಕರಿಗೆ ಯೋಗ್ಯ ಕುಡಿಯುವ ನೀರು ಒದಗಿಸುವ ಹೊಣೆ 1948ರ ಕಾರ್ಖಾನೆಗಳ ಅಧಿನಿಯಮದ ಕಾಲದಿಂದಲೂ ಮಾಲೀಕರದ್ದೇ. ಅದನ್ನು ನಲ್ಲಿ ಫಿಲ್ಟರಿನಿಂದ ತೀರಿಸಲು ಯತ್ನಿಸುವುದು ತರವಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಮನೆಯ ಫಿಲ್ಟರನ್ನು ಅಂಗಡಿಯ ಹೆಸರಿನ ಬಿಲ್ಲಿನಲ್ಲಿ ಕೊಳ್ಳುವ ಅಭ್ಯಾಸ ಕೆಲವರಲ್ಲಿದೆ. ಮಾಲೀಕನ ಸ್ವಂತ ಬಳಕೆಯ ವಸ್ತು ಡ್ರಾಯಿಂಗ್ಸ್ ಖಾತೆಗೆ ಹೋಗಬೇಕು. ಸ್ವಂತ ಬಳಕೆಯ ಸರಕಿಗೆ ಕೇಂದ್ರ ಜಿಎಸ್‌ಟಿ ಅಧಿನಿಯಮದ 17(5)ನೆಯ ಪ್ರಕರಣದಂತೆ ಇನ್‌ಪುಟ್ ತೆರಿಗೆ ಜಮೆಯೂ ದೊರೆಯದು.

ಪ್ರಮಾಣಪತ್ರ ಮತ್ತು ಪ್ರಾತ್ಯಕ್ಷಿಕೆ

ಡಬ್ಬಿಯ ಮೇಲಿನ ಲೀಟರ್ ಸಂಖ್ಯೆಗೆ ಆಧಾರವೇನೆಂದು ನೋಡಬೇಕು. ಜಪಾನಿನ ಜೆಐಎಸ್ ಎಸ್ 3201 ಪದ್ಧತಿಯಲ್ಲಿ ಕ್ಲೋರಿನ್ ಮುಂತಾದವುಗಳ ನಿವಾರಣೆ ಶೇ. 80ಕ್ಕೆ ಇಳಿಯುವವರೆಗೆ ಹರಿದ ನೀರನ್ನು ಸಾಮರ್ಥ್ಯವೆಂದು ಪರಿಗಣಿಸುತ್ತಾರೆ. ಅಮೆರಿಕದ ಎನ್‌ಎಸ್‌ಎಫ್ ಮಾನಕಗಳಲ್ಲಿ 42 ಎಂಬುದು ರುಚಿ ವಾಸನೆಗಳಿಗೆ ಸಂಬಂಧಿಸಿದ್ದು. ಸೀಸ, ಪರಾವಲಂಬಿ ಜೀವಿಗಳ ಕೋಶಗಳು ಮುಂತಾದ ಆರೋಗ್ಯ ಸಂಬಂಧಿ ವಿಷಯಗಳಿಗೆ 53. ಕೇವಲ 42ರ ಮುದ್ರೆಯಿರುವ ಸಾಧನವನ್ನು ರೋಗನಿವಾರಕವೆಂದು ಭಾವಿಸುವುದು ತಪ್ಪು. 53ರ ಪರೀಕ್ಷೆಯಲ್ಲಿಯೂ ಪ್ರತಿ ಕಲ್ಮಶಕ್ಕೆ ಬೇರೆ ಬೇರೆ ಪ್ರಮಾಣೀಕರಣವಿರುವುದರಿಂದ ಪಟ್ಟಿಯನ್ನು ಓದಲೇಬೇಕು.

ಟಿಡಿಎಸ್ ಮೀಟರ್ ಹಿಡಿದು ಫಿಲ್ಟರಿನ ಹಿಂದೆ ಮುಂದೆ ಅಳೆಯುವುದರಿಂದ ಏನೂ ತಿಳಿಯದು. ಇದು ಲವಣ ತೆಗೆಯುವ ಸಾಧನವಲ್ಲವಾದ್ದರಿಂದ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಬರುತ್ತದೆ. ಇನ್ನೊಂದು ಪ್ರಾತ್ಯಕ್ಷಿಕೆಯಲ್ಲಿ ವಿದ್ಯುತ್ ಸಲಾಕೆಗಳನ್ನು ಎರಡು ಲೋಟಗಳಲ್ಲಿ ಮುಳುಗಿಸುತ್ತಾರೆ. ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಆರ್‌ಓ ನೀರು ತಿಳಿಯಾಗಿಯೇ ಉಳಿಯುತ್ತದೆ. ಆ ಕಂದು ಬಣ್ಣ ಕಬ್ಬಿಣದ ಸಲಾಕೆಯೇ ಕರಗಿ ಬಂದದ್ದು. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯದ್ದರಿಂದ ಅಲ್ಲಿ ಬಣ್ಣ ಬರುವುದಿಲ್ಲ, ಅಷ್ಟೇ.

ಬಳಕೆದಾರನೇ ಮಾಡಬಹುದಾದ ಪರೀಕ್ಷೆಗಳು

ಹೊಸ ಕಾರ್ಟ್ರಿಜ್ ಹಾಕಿದ ದಿನ ಒಂದು ಲೀಟರ್ ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆದಿಟ್ಟುಕೊಳ್ಳಬೇಕು. 40 ಸೆಕೆಂಡು ಇದ್ದದ್ದು 80 ಆಯಿತೆಂದರೆ ಹರಿವು ಅರ್ಧಕ್ಕಿಳಿದಿದೆ, ಕಾರ್ಟ್ರಿಜ್ ಕಟ್ಟಿಕೊಂಡಿದೆ. ಆದರೆ ಹರಿವು ಚೆನ್ನಾಗಿದ್ದ ಮಾತ್ರಕ್ಕೆ ಇಂಗಾಲ ಜೀವಂತವಾಗಿದೆ ಎನ್ನಲಾಗದು. ಅದಕ್ಕೆ ಕ್ಲೋರಿನ್ ಪರೀಕ್ಷೆ ಬೇಕು: ಸ್ಥಳೀಯ ಸಂಸ್ಥೆಗಳ ನೀರಗಂಟಿಗಳು ಬಳಸುವ ಕ್ಲೋರೋಸ್ಕೋಪಿನಲ್ಲಿ ಪರೀಕ್ಷಾ ದ್ರಾವಣದ ಹನಿ ಹಾಕಿದಾಗ ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತದೆ. ಫಿಲ್ಟರಿನ ಹಿಂದಿನ ನೀರು ಹಳದಿಯಾಗಿ ಮುಂದಿನದು ಬಣ್ಣವಿಲ್ಲದಿದ್ದರೆ ಇಂಗಾಲ ಕೆಲಸ ಮಾಡುತ್ತಿದೆ. ಎರಡೂ ಹಳದಿಯಾದರೆ ಅವಧಿ ಮುಗಿದಿದೆ. ಪರೀಕ್ಷಿಸಿದ ನೀರನ್ನು ಚೆಲ್ಲಿಬಿಡಬೇಕು.

ಕ್ಲೋರಿನ್ ಹೋದ ನೀರಿಗೆ ರಕ್ಷಣೆಯಿಲ್ಲ ಎಂಬುದನ್ನೂ ನೆನಪಿಡಬೇಕು. ಅದನ್ನು ಎರಡು ಮೂರು ದಿನ ಕೊಡದಲ್ಲಿ ತುಂಬಿಡದೆ ಅಂದಂದೇ ಬಳಸಬೇಕು. ರಾತ್ರಿಯಿಡೀ ಕಾರ್ಟ್ರಿಜ್‌ನಲ್ಲಿ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದರಿಂದ ಬೆಳಗಿನ ಮೊದಲ ಒಂದೆರಡು ಚೊಂಬು ನೀರನ್ನು ಗಿಡಕ್ಕೆ ಹಾಕುವುದು ಕ್ಷೇಮ. ಬಿಸಿ ನೀರನ್ನು ಹಾಯಿಸಿದರೆ ಇಂಗಾಲ ಹಿಡಿದಿಟ್ಟದ್ದನ್ನು ಬಿಟ್ಟುಕೊಡಬಹುದು; ಪೊರೆಯೂ ಹಾಳಾಗಬಹುದು. ಗೀಸರಿನ ಸಂಪರ್ಕವಿರುವ ನಲ್ಲಿಗಳಲ್ಲಿ ಈ ಎಚ್ಚರ ಬೇಕು. ಮಳೆಗಾಲದಲ್ಲಿ ಒಮ್ಮೆಯಾದರೂ ಹೈಡ್ರೋಜನ್ ಸಲ್ಫೈಡ್ ಪರೀಕ್ಷಾ ಸೀಸೆಯಲ್ಲಿ ಫಿಲ್ಟರಿನಿಂದ ಬಂದ ನೀರನ್ನು ತುಂಬಿಟ್ಟು ನೋಡಬಹುದು. ಒಂದೆರಡು ದಿನಗಳಲ್ಲಿ ನೀರು ಕಪ್ಪಾದರೆ ಮಲಜನ್ಯ ಕಲ್ಮಶವಿದೆಯೆಂದು ಶಂಕಿಸಿ, ಪ್ರಯೋಗಾಲಯದ ವರದಿ ಬರುವವರೆಗೆ ಕುದಿಸಿಯೇ ಕುಡಿಯಬೇಕು.

ಮಾರುವವರ ಹೊಣೆ

ಹಾರ್ಡ್‌ವೇರ್, ಸ್ಯಾನಿಟರಿ ಹಾಗೂ ಗೃಹೋಪಯೋಗಿ ವಸ್ತುಗಳ ವ್ಯಾಪಾರದಲ್ಲಿರುವ ಸದಸ್ಯರು ಮಾತಿನ ಭರವಸೆಯ ಬಗ್ಗೆ ಎಚ್ಚರ ವಹಿಸುವುದು ಅಗತ್ಯ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 86ನೆಯ ಪ್ರಕರಣದಂತೆ, ತಯಾರಕನು ನೀಡಿದ್ದಕ್ಕಿಂತ ಬೇರೆಯಾದ ಭರವಸೆಯನ್ನು ಮಾರಾಟಗಾರನು ಸ್ಪಷ್ಟವಾಗಿ ನೀಡಿದ್ದು, ವಸ್ತುವು ಅದರಂತೆ ನಡೆಯದೆ ಗ್ರಾಹಕನಿಗೆ ಹಾನಿಯಾದರೆ, ಮಾರಾಟಗಾರನೇ ಹೊಣೆಯಾಗಬಹುದು. ವಾಸನೆ ತೆಗೆಯುವ ಇಂಗಾಲದ ಫಿಲ್ಟರನ್ನು 'ಇನ್ನು ನೀರು ಕುದಿಸುವುದೇ ಬೇಡ' ಎಂದು ಹೇಳಿ ಮಾರುವುದು ಈ ವ್ಯಾಪ್ತಿಗೆ ಬರಬಲ್ಲದು. ಬಿಲ್ಲಿನಲ್ಲಿ ಕಾರ್ಟ್ರಿಜ್ ಮಾದರಿ ಸಂಖ್ಯೆ, ಲೀಟರ್ ಸಾಮರ್ಥ್ಯ ಹಾಗೂ ತಯಾರಕರು ತಿಳಿಸಿದ ಕನಿಷ್ಠ ಒತ್ತಡವನ್ನು ಬರೆದುಕೊಟ್ಟು, ಅದೇ ಮಾದರಿಯ ಬದಲಿ ಕಾರ್ಟ್ರಿಜ್‌ಗಳನ್ನು ದಾಸ್ತಾನಿನಲ್ಲಿ ಇಟ್ಟುಕೊಂಡಿರುವ ಅಂಗಡಿಗೆ ಗ್ರಾಹಕನು ಮೂರು ತಿಂಗಳಿಗೊಮ್ಮೆ ತಾನಾಗಿಯೇ ಮರಳಿ ಬರುತ್ತಾನೆ.